ನೆಲದೊಳಗಿನ ಸಾಕ್ಷ್ಯ: ಚಂದ್ರವಳ್ಳಿಯ ಜನಜೀವನ

(ಅಂತಿಮ ಬಿ. ಎ. ವಿದ್ಯಾರ್ಥಿನಿ)

ಪ್ರಾಚೀನ ಇತಿಹಾಸವನ್ನು ತಿಳಿಯಲು ನಮಗಿರುವ ಆಧಾರಗಳು ಎರಡು ಬಗೆಯವು ಎಂದು ಮೊದಲನೆಯ ವರ್ಷದ ತರಗತಿಯಲ್ಲಿಯೇ ನಾವು ಕಲಿಯುತ್ತೇವೆ. ಸಾಹಿತ್ಯದ ಆಧಾರಗಳು ಒಂದು ಬಗೆ, ಪುರಾತತ್ತ್ವದ ಆಧಾರಗಳು ಇನ್ನೊಂದು ಬಗೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದು ಮುಂದೆ ಹೋಗುತ್ತೇವೆ. ಪುರಾತತ್ತ್ವವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುವು ಶಾಸನ, ನಾಣ್ಯ, ದೇವಾಲಯ ಇವು ಮೂರೇ. ಮಡಕೆಯ ಚೂರು, ಮುರಿದ ಬಳೆ, ಕರಕಲಾದ ಕಾಳು ಇವೂ ಆಧಾರಗಳೇ ಎಂಬ ಸಾಲು ಪುಸ್ತಕದಲ್ಲಿ ಇದ್ದರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನನ್ನ ಮನಸ್ಸಿನಲ್ಲಿಯೂ ಅದು ನಿಂತಿರಲಿಲ್ಲ. ಅದು ನಿಂತದ್ದು ನಮ್ಮ ಬೀದಿಯಲ್ಲಿ ತೋಡಿದ ಒಂದು ಹಳ್ಳದಿಂದ.

ನಾನಿರುವುದು ಮೈಸೂರಿನ ಉದಯಗಿರಿಯಲ್ಲಿ. ಅಲ್ಲಿ ನಮ್ಮ ಬೀದಿಯಲ್ಲಿ ಕೊಳವೆ ಹೂಳುವುದಕ್ಕಾಗಿ ಆಳುದ್ದ ಹಳ್ಳ ತೋಡಿದ್ದರು. ಕಾಲೇಜಿಗೆ ಬರುವಾಗ ಅದರ ಮೇಲೆ ಹಾಸಿದ ಹಲಗೆಯನ್ನು ದಾಟಿ ಬರಬೇಕಾಗಿತ್ತು. ಒಂದು ದಿನ ಹಲಗೆಯ ಮೇಲೆ ನಿಂತು ಹಳ್ಳದ ಗೋಡೆಯನ್ನು ನೋಡಿದೆ. ಮೇಲೆ ಟಾರು, ಅದರ ಕೆಳಗೆ ಜಲ್ಲಿ. ಅದರ ಕೆಳಗೆ ಬೂದುಬಣ್ಣದ ಮಣ್ಣು; ಅದರಲ್ಲಿ ಪ್ಲಾಸ್ಟಿಕ್ ಚೀಲಗಳು, ಗಾಜಿನ ಬಳೆಯ ಚೂರುಗಳು. ಅದಕ್ಕೂ ಕೆಳಗೆ ಹೆಂಚಿನ ಚೂರು, ಸುಣ್ಣದ ಗಾರೆ, ಮಡಕೆಯ ಬೋಕಿ. ಅಲ್ಲಿ ಪ್ಲಾಸ್ಟಿಕ್ ಒಂದೂ ಇಲ್ಲ. ಎಲ್ಲಕ್ಕೂ ಕೆಳಗೆ ಯಾರ ಕೈಯೂ ತಾಗದ ಕೆಂಪು ಮಣ್ಣು. ಎದುರುಮನೆಯ ಅಜ್ಜಿ ಬಾಗಿಲಲ್ಲಿ ಕುಳಿತಿದ್ದರು. “ಏನು ನೋಡ್ತಿದ್ದೀಯ ಮಗಳೇ? ಅದು ನಮ್ಮ ಹಳೇ ಹೆಂಚಿನ ಮನೆ ಕಣೆ” ಎಂದರು. ಅವರು ಬಾಯಿಂದ ಹೇಳಿದ್ದನ್ನು ಮಣ್ಣು ಆಗಲೇ ಹೇಳಿತ್ತು. ಪುಸ್ತಕದ ಸಾಲಿನ ಅರ್ಥ ನನಗೆ ಆದದ್ದು ಆಗ.

ಈ ಲೇಖನದಲ್ಲಿ ನಮ್ಮ ರಾಜ್ಯದ ಒಂದು ಹಳೆಯ ಪಟ್ಟಣದ ಮಣ್ಣನ್ನು ವಿದ್ವಾಂಸರು ಹೇಗೆ ಓದಿದರು, ಅದರಿಂದ ಅಲ್ಲಿ ಬಾಳಿದ ಜನರ ವಿಷಯವಾಗಿ ಏನು ತಿಳಿದುಬಂತು, ಏನು ತಿಳಿಯದೆ ಉಳಿಯಿತು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸಲು ಯತ್ನಿಸಿದ್ದೇನೆ. ಆ ಪಟ್ಟಣ ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿ.

ಮೊದಲು ಒಂದು ಪ್ರಶ್ನೆ ಏಳುತ್ತದೆ. ಊರುಗಳು ಮಣ್ಣಿನೊಳಗೆ ಹೋಗುವುದಾದರೂ ಹೇಗೆ? ಊರು ನೆಲದೊಳಕ್ಕೆ ಇಳಿಯುವುದಿಲ್ಲ. ನೆಲವೇ ಮೇಲಕ್ಕೆ ಏರುತ್ತದೆ. ಮಣ್ಣಿನ ಗೋಡೆಯ ಮನೆ ಬಿದ್ದರೆ ಆ ಮಣ್ಣನ್ನು ಹೊತ್ತು ಹೊರಗೆ ಸಾಗಿಸುವ ಶ್ರಮ ಯಾರಿಗೂ ಬೇಡ. ಅದನ್ನೇ ಸಮಮಾಡಿ ಅದರ ಮೇಲೆಯೇ ಹೊಸ ಮನೆ ಕಟ್ಟುತ್ತಾರೆ. ಒಲೆಯ ಬೂದಿ, ಒಡೆದ ಪಾತ್ರೆ, ಕಸಕಡ್ಡಿ ಎಲ್ಲವೂ ಹಿತ್ತಲಿನಲ್ಲಿ ಬೀಳುತ್ತವೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ನೆಲ ಪದರ ಪದರವಾಗಿ ಬೆಳೆಯುತ್ತದೆ. ಆದುದರಿಂದ ಕೆಳಗಿನ ಪದರ ಹಿಂದಿನದು, ಮೇಲಿನ ಪದರ ಈಚಿನದು ಎಂಬುದು ಈ ಶಾಸ್ತ್ರದ ಮೊದಲ ಸೂತ್ರ.

ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಗೇವು ತೋಡಿದವರು, ಬಾವಿ ತೆಗೆದವರು, ತಳಪಾಯಕ್ಕೆ ಅಗೆದವರು ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಮಾಡಿರುತ್ತಾರೆ. ನಮ್ಮ ಬೀದಿಯ ಹಳ್ಳವನ್ನು ಮುಚ್ಚಿದಾಗ ಪ್ಲಾಸ್ಟಿಕ್ ಚೀಲ ಎಲ್ಲಕ್ಕೂ ಕೆಳಗೆ ಹೋಯಿತು. ಮುಂದೆ ಯಾರಾದರೂ ಅಲ್ಲಿ ಅಗೆದು, ಹಳ್ಳದ ಅಂಚನ್ನು ಗುರುತಿಸದೆ ಹೋದರೆ, ಹೆಂಚಿನ ಮನೆಗಿಂತ ಪ್ಲಾಸ್ಟಿಕ್ಕೇ ಹಿಂದಿನದೆಂದು ಬರೆದಾರು! ಆದಕಾರಣ ಉತ್ಖನನ ಮಾಡುವವರು ವಸ್ತುವನ್ನು ಹುಡುಕುವುದಕ್ಕಿಂತ ಮಿಗಿಲಾಗಿ ವಸ್ತು ಇದ್ದ ಎಡೆಯನ್ನು ನೋಡುತ್ತಾರೆ. ನೆಲವನ್ನು ಚೌಕಗಳಾಗಿ ಗುರುತಿಸಿ, ಚೌಕಗಳ ನಡುವೆ ಅಗೆಯದ ಬದುಗಳನ್ನು ಬಿಟ್ಟು, ಮಣ್ಣಿನ ಬಣ್ಣ ಬದಲಾದಲ್ಲೆಲ್ಲ ಪದರಕ್ಕೆ ಸಂಖ್ಯೆ ಕೊಟ್ಟು, ಪ್ರತಿಯೊಂದು ಚೂರಿಗೂ ಅದರ ಪದರದ ಸಂಖ್ಯೆಯನ್ನು ಬರೆದಿಡುತ್ತಾರೆ. ಎಲ್ಲಿ ದೊರೆಯಿತೆಂದು ಗೊತ್ತಿರುವ ಬೋಕಿಗೆ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಹೊನ್ನಿಗಿಂತ ಬೆಲೆ ಹೆಚ್ಚು.

ಇನ್ನು ಚಂದ್ರವಳ್ಳಿಗೆ ಬರೋಣ. ಚಿತ್ರದುರ್ಗದ ಪಶ್ಚಿಮಕ್ಕೆ, ಬಂಡೆಗಳಿಂದ ಕೂಡಿದ ಬೆಟ್ಟಗಳ ನಡುವೆ ಒಂದು ಕಣಿವೆಯಿದೆ. ಅಲ್ಲಿ ಕೆರೆಯಿದೆ; ಅಂಕಲಿಮಠದ ಗುಹೆಗಳಿವೆ. ಪ್ರವಾಸಕ್ಕೆ ಹೋದವರು ಗುಹೆಯೊಳಗೆ ದೀಪ ಹಿಡಿದು ಇಳಿದು ನೋಡಿ ಹಿಂದಿರುಗುತ್ತಾರೆ. ಕಾಲ ಕೆಳಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಪಟ್ಟಣವಿದೆಯೆಂಬುದು ಅನೇಕರಿಗೆ ತಿಳಿಯದು.

ಈ ಸ್ಥಳವನ್ನು ಶಾಸ್ತ್ರೀಯವಾಗಿ ಶೋಧಿಸಿದವರಲ್ಲಿ ಮೊದಲಿಗೆ ಹೆಸರಿಸಬೇಕಾದವರು ನಮ್ಮ ಮೈಸೂರಿನವರೇ ಆದ ಡಾ. ಎಂ. ಎಚ್. ಕೃಷ್ಣ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಅವರು ೧೯೨೯ರಲ್ಲಿ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು. ೧೮೮೫ರಲ್ಲಿ ಆರಂಭವಾದ ಆ ಇಲಾಖೆ ಬಹುಕಾಲ ಶಾಸನಗಳ ಸಂಗ್ರಹವನ್ನೇ ತನ್ನ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡಿತ್ತು. ಬಿ. ಎಲ್. ರೈಸ್ ಅವರೂ ಆರ್. ನರಸಿಂಹಾಚಾರ್ಯರೂ ಊರೂರು ಸುತ್ತಿ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದರು. ಅದು ಸಾಮಾನ್ಯವಾದ ಸಾಧನೆಯಲ್ಲ. ಕೃಷ್ಣ ಅವರು ಆ ಪರಂಪರೆಯನ್ನು ಬಿಡದೆ, ಅದರೊಡನೆ ನೆಲವನ್ನು ಅಗೆದು ಓದುವ ಕೆಲಸವನ್ನೂ ಕೈಗೊಂಡರು. ಚಂದ್ರವಳ್ಳಿಯಲ್ಲಿ ಅವರಿಗೆ ಎರಡೂ ದೊರೆತವು. ಕೆರೆಯ ಬಳಿಯ ಬಂಡೆಯ ಮೇಲೆ ಕದಂಬ ವಂಶದ ಸ್ಥಾಪಕನಾದ ಮಯೂರಶರ್ಮನ ಪ್ರಾಕೃತ ಶಾಸನ ಬೆಳಕಿಗೆ ಬಂದದ್ದು ಆ ವರ್ಷವೇ. ನೆಲದೊಳಗಿನಿಂದ ನಾಣ್ಯಗಳೂ ಮಡಕೆಗಳೂ ಇಟ್ಟಿಗೆಯ ಕಟ್ಟಡಗಳ ಅವಶೇಷಗಳೂ ಬಂದುವು.

ಎರಡನೆಯ ಉತ್ಖನನ ನಡೆದುದು ೧೯೪೭ರಲ್ಲಿ. ಆಗ ಭಾರತ ಸರ್ಕಾರದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದವರು ಮಾರ್ಟಿಮರ್ ವ್ಹೀಲರ್. ಅವರು ಚಂದ್ರವಳ್ಳಿಯನ್ನೂ, ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಒಟ್ಟಿಗೆ ಅಗೆಸಿದರು. ಬ್ರಹ್ಮಗಿರಿಯೆಂದರೆ ಅಶೋಕನ ಶಾಸನವಿರುವ ಊರು. ೧೮೯೨ರಲ್ಲಿ ರೈಸ್ ಅವರು ಆ ಶಾಸನವನ್ನು ಪತ್ತೆಹಚ್ಚಿದ್ದರು. ಅದರಲ್ಲಿ ‘ಇಸಿಲ’ವೆಂಬ ಪಟ್ಟಣದ ಹೆಸರಿದೆ.

ವ್ಹೀಲರ್ ಚಿತ್ರದುರ್ಗಕ್ಕೆ ಬಂದುದಕ್ಕೆ ಒಂದು ಕಾರಣವಿತ್ತು. ಆ ಕಾರಣವನ್ನು ತಿಳಿದರೆ ಮಡಕೆಯ ಚೂರಿನಿಂದ ಕಾಲವನ್ನು ಎಣಿಸುವ ಬಗೆ ಸ್ಪಷ್ಟವಾಗುತ್ತದೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದ ಪ್ರಾಚೀನ ನೆಲೆಗಳ ಕಾಲವನ್ನು ಗೊತ್ತುಮಾಡುವುದು ಆಗ ಬಹು ಕಷ್ಟವಾಗಿತ್ತು. ೧೯೪೫ರಲ್ಲಿ ಅವರು ಪುದುಚೇರಿಯ ಬಳಿಯ ಅರಿಕಮೇಡು ಎಂಬಲ್ಲಿ ಅಗೆಸಿದಾಗ, ಇಟಲಿಯ ಅರೆಟ್ಸೊ ಎಂಬ ಊರಿನ ಕುಂಬಾರರು ಮಾಡಿದ ಹೊಳಪಿನ ಕೆಂಪು ಪಾತ್ರೆಗಳ ಚೂರುಗಳು ದೊರೆತುವು. ಕೆಲವದರ ಮೇಲೆ ಕುಂಬಾರರ ಮುದ್ರೆಯೇ ಇತ್ತು. ಈ ಪಾತ್ರೆಗಳು ಕ್ರಿ. ಶ. ಒಂದನೆಯ ಶತಮಾನದ ನಡುಭಾಗದ ಹೊತ್ತಿಗೆ ತಯಾರಿಕೆಯಿಂದ ನಿಂತುಹೋದುವೆಂಬುದು ಯುರೋಪಿನ ಶೋಧನೆಗಳಿಂದ ಗೊತ್ತಾಗಿತ್ತು. ಅರಿಕಮೇಡಿನಲ್ಲಿ ಇವುಗಳ ಸಂಗಡ ಇನ್ನೊಂದು ಬಗೆಯ ಪಾತ್ರೆಯೂ ಇತ್ತು. ಅದು ಅಗಲವಾದ ತಟ್ಟೆ. ಅದರ ಒಳತಳದಲ್ಲಿ ಹಲ್ಲುಚಕ್ರವನ್ನು ಉರುಳಿಸಿ ಮೂಡಿಸಿದಂಥ ಚುಕ್ಕೆಗಳ ಸುತ್ತುಗಳು. ಆ ತಟ್ಟೆಯ ಚೂರುಗಳೇ ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ದೊರೆತುವು. ಹಾಗಾಗಿ ಇಟಲಿಯ ಪಾತ್ರೆಯಿಂದ ಅರಿಕಮೇಡಿನ ಕಾಲ, ಅರಿಕಮೇಡಿನ ತಟ್ಟೆಯಿಂದ ಚಂದ್ರವಳ್ಳಿಯ ಕಾಲ, ಚಂದ್ರವಳ್ಳಿಯ ಪದರದಿಂದ ಬ್ರಹ್ಮಗಿರಿಯ ಮೇಲಿನ ಪದರದ ಕಾಲ — ಹೀಗೆ ಕೊಂಡಿಗೆ ಕೊಂಡಿ ಸೇರಿತು. ಬರಹವನ್ನೇ ಕಾಣದ ಬೋಕಿಯೊಂದು ಶಾಸನದ ಕೆಲಸವನ್ನು ಮಾಡಿತು.

ಈ ಕೊಂಡಿಯನ್ನು ಬಲಪಡಿಸಿದುವು ನಾಣ್ಯಗಳು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಇವರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಟೈಬೀರಿಯಸ್ ಆಳಿದುದು ಕ್ರಿ. ಶ. ೧೪ರಿಂದ ೩೭ರ ವರೆಗೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಆರನೆಯ ಜಾರ್ಜ್ ದೊರೆಯ ಒಂದು ನಾಣ್ಯವಿದೆ. ಅದರ ಪಕ್ಕದಲ್ಲಿ ನನ್ನ ಕಾಲೇಜು ಶುಲ್ಕದ ರಸೀತಿಯೂ ಇದೆ. ನಾಣ್ಯವನ್ನು ನೋಡಿ ಪೆಟ್ಟಿಗೆ ೧೯೪೭ಕ್ಕೆ ಹಿಂದಿನದೆಂದು ಹೇಳಿದರೆ ತಪ್ಪಾಗುತ್ತದೆ. ಒಂದು ಪದರದಲ್ಲಿ ನಾಣ್ಯ ಸಿಕ್ಕಿದರೆ ಆ ಪದರ ನಾಣ್ಯಕ್ಕಿಂತ ಹಿಂದಿನದಲ್ಲವೆಂದಷ್ಟೇ ಹೇಳಬಹುದು. ಎಷ್ಟು ಈಚಿನದೆಂದು ಹೇಳಲಾಗದು. ನಾಣ್ಯ, ತಟ್ಟೆ, ಪದರ ಈ ಮೂರೂ ಒಂದೇ ಮಾತನ್ನು ಹೇಳಿದಾಗಲೇ ನಂಬಿಕೆ ಬರುವುದು. ಅಲ್ಲದೆ ರೋಮಿನ ನಾಣ್ಯವಿದ್ದ ಮಾತ್ರಕ್ಕೆ ರೋಮಿನವರು ಚಂದ್ರವಳ್ಳಿಯಲ್ಲಿ ಮನೆಮಾಡಿದ್ದರೆಂದು ಊಹಿಸಬೇಕಾಗಿಲ್ಲ. ನಾಣ್ಯ ಕೈಯಿಂದ ಕೈಗೆ ನಡೆಯುತ್ತದೆ. ಕರಾವಳಿಯಲ್ಲಿ ಇಳಿದ ಬೆಳ್ಳಿ ಒಳನಾಡಿನ ಬೆಟ್ಟಗಳ ಸಂದಿನ ಪಟ್ಟಣದವರೆಗೆ ಬಂದಿತೆಂದರೆ, ಆ ಪಟ್ಟಣಕ್ಕೂ ಹೊರಗಿನ ಲೋಕಕ್ಕೂ ನಡುವೆ ಕೊಡುಕೊಳೆಯ ದಾರಿಯೊಂದು ಇತ್ತೆಂಬುದು ಮಾತ್ರ ನಿಶ್ಚಯ.

ರೋಮಿನ ಬೆಳ್ಳಿಗಿಂತ ನನ್ನ ಗಮನವನ್ನು ಹೆಚ್ಚು ಸೆಳೆದುದು ಅಲ್ಲಿ ದೊರೆತ ಸೀಸದ ನಾಣ್ಯಗಳು. ಅವುಗಳಲ್ಲಿ ಸಾತವಾಹನರವೂ ಇವೆ. ಅವರ ಕಾಲದಲ್ಲಿ ಈ ಸೀಮೆಯಲ್ಲಿ ಅಧಿಕಾರ ನಡೆಸಿದ ಮಹಾರಠಿಗಳೆಂಬ ನಾಯಕರವೂ ಇವೆ. ಸೀಸ ಅಗ್ಗದ ಲೋಹ. ಊರನ್ನು ಕೊಳ್ಳುವವರಿಗೆ, ಆನೆಯನ್ನು ಮಾರುವವರಿಗೆ ಸೀಸದ ನಾಣ್ಯ ಬೇಕಾಗಿಲ್ಲ. ಅದು ಬೇಕಾದದ್ದು ಸಂತೆಯಲ್ಲಿ ಒಂದು ಸೇರು ಕಾಳು, ಒಂದು ಕುಡಿಕೆ ಎಣ್ಣೆ ಕೊಳ್ಳುವವರಿಗೆ. ಸೀಸದ ನಾಣ್ಯಗಳು ಬಳಕೆಯಲ್ಲಿದ್ದ ಊರಿನಲ್ಲಿ ಸಣ್ಣ ವ್ಯಾಪಾರವಿತ್ತು, ದಿನದ ಸಂಪಾದನೆಯಲ್ಲಿ ದಿನದ ಸಾಮಾನು ತರುವ ಜನರಿದ್ದರು ಎಂದು ಊಹಿಸುವುದು ಯುಕ್ತವೆನಿಸುತ್ತದೆ. ಬೆಳ್ಳಿಯ ನಾಣ್ಯ ದೂರದೇಶದ ಕಥೆಯನ್ನು ಹೇಳಿದರೆ ಸೀಸದ ನಾಣ್ಯ ಬೀದಿಯ ಕಥೆಯನ್ನು ಹೇಳುತ್ತದೆ.

ಈ ಕಾಲದ ಪದರಗಳಲ್ಲಿ ದೊರೆಯುವ ಮಡಕೆಗಳು ಚಕ್ರದ ಮೇಲೆ ತಿರುಗಿಸಿ ಮಾಡಿದವು. ಕೆಲವಕ್ಕೆ ಕಾವಿಯ ಬಣ್ಣದ ಲೇಪ; ಆ ಲೇಪದ ಕೆಳಗೆ ಬಿಳಿಯ ಗೆರೆಗಳ ಚಿತ್ತಾರ. ಇವು ಅರಮನೆಗೆ ಮಾತ್ರ ಮೀಸಲಾದ ಪಾತ್ರೆಗಳಲ್ಲ. ದಖ್ಖನಿನ ಎಷ್ಟೋ ಊರುಗಳಲ್ಲಿ ಇವು ಸಿಕ್ಕುತ್ತವೆ. ಹಾಗೆಂದರೆ ಕುಂಬಾರಿಕೆ ಮನೆಯ ಕೆಲಸವಾಗಿ ಉಳಿಯದೆ ಕಸಬಾಗಿತ್ತು. ನೀರು ತರುವ ಮಡಕೆಗೂ ಒಂದಿಷ್ಟು ಅಂದವಿರಲಿ ಎಂದು ಬಯಸುವವರಿದ್ದರು. ಮಣಿಗಳೂ ಬಳೆಯ ಚೂರುಗಳೂ ಸಿಕ್ಕುತ್ತವೆ. ಕೆಲವು ಬಳೆಗಳು ಶಂಖವನ್ನು ಕೊಯ್ದು ಮಾಡಿದವು. ಚಿತ್ರದುರ್ಗದಿಂದ ಕಡಲು ಎಷ್ಟು ದೂರ! ಕಡಲನ್ನು ಒಮ್ಮೆಯೂ ನೋಡದ ಹೆಂಗಸಿನ ಕೈಯಲ್ಲಿ ಕಡಲಿನ ಶಂಖದ ಬಳೆಯಿತ್ತು. ಅದು ಒಡೆದಾಗ ಅವಳೂ ನಮ್ಮಂತೆಯೇ ಒಂದು ಗಳಿಗೆ ನೊಂದು ಚೂರನ್ನು ಹಿತ್ತಲಿಗೆ ಎಸೆದಿರಬೇಕು. ನೋವು ಮಣ್ಣಿನಲ್ಲಿ ಉಳಿಯಲಿಲ್ಲ, ಚೂರು ಉಳಿಯಿತು.

ಚಂದ್ರವಳ್ಳಿಯ ಕಥೆಯನ್ನು ಇನ್ನೂ ಹಿಂದಕ್ಕೆ ಒಯ್ಯಬೇಕಾದರೆ ಬ್ರಹ್ಮಗಿರಿಯ ಪದರಗಳನ್ನು ನೋಡಬೇಕು. ಅಲ್ಲಿ ವ್ಹೀಲರ್ ಒಂದರ ಮೇಲೊಂದರಂತೆ ಮೂರು ಸಂಸ್ಕೃತಿಗಳನ್ನು ಗುರುತಿಸಿದರು. ಎಲ್ಲಕ್ಕೂ ಕೆಳಗೆ ನಯಮಾಡಿದ ಕಲ್ಲುಕೊಡಲಿಯನ್ನು ಬಳಸಿದವರು. ಅವರ ಮೇಲೆ ಕಬ್ಬಿಣವನ್ನು ಬಲ್ಲ, ದೊಡ್ಡ ಕಲ್ಲುಚಪ್ಪಡಿಗಳ ಗೋರಿಗಳನ್ನು ಕಟ್ಟಿದವರು. ಅದರ ಮೇಲೆ ಅವರು ‘ಆಂಧ್ರ ಸಂಸ್ಕೃತಿ’ಯೆಂದು ಕರೆದ, ಈಗ ತಾನೆ ವಿವರಿಸಿದ ಕಾಲದವರು.

ಕಲ್ಲುಕೊಡಲಿಯವರ ಮಡಕೆಗಳು ಚಕ್ರವಿಲ್ಲದೆ ಕೈಯಲ್ಲಿಯೇ ಮಾಡಿದ, ಒರಟಾದ ಬೂದುಬಣ್ಣದ ಮಡಕೆಗಳು. ದೊಡ್ಡವರು ಸತ್ತರೆ ಅವರನ್ನು ನೀಳವಾಗಿ ಮಲಗಿಸಿ ಹೂಳುತ್ತಿದ್ದರು. ಹಸುಗೂಸು ಸತ್ತರೆ ಮಡಕೆಯೊಳಗೆ ಇಟ್ಟು ಹೂಳುತ್ತಿದ್ದರು. ಅದೂ ಊರ ಹೊರಗಲ್ಲ, ತಾವು ಬಾಳುವ ನೆಲೆಯೊಳಗೇ. ಈ ಪದ್ಧತಿ ದಕ್ಷಿಣದ ನವಶಿಲಾಯುಗದ ಬೇರೆ ನೆಲೆಗಳಲ್ಲಿಯೂ ಕಂಡುಬಂದಿದೆ. ಅವರ ನಂಬಿಕೆಯೇನೆಂದು ಮಡಕೆ ಹೇಳುವುದಿಲ್ಲ. ಆದರೆ ಕೂಸನ್ನು ದೂರ ಕಳುಹಿಸಲು ಮನಸ್ಸು ಬಾರದ ಯಾರೋ ಇದ್ದರೆಂದು ನನಗೆ ತೋರುತ್ತದೆ. ಇದು ಪ್ರಮಾಣವಲ್ಲ, ಓದುಗಳಾದ ನನ್ನ ಭಾವನೆಯೆಂದು ಒಪ್ಪಿಕೊಳ್ಳುತ್ತೇನೆ.

ಎರಡನೆಯವರಾದ ಕಲ್ಗೋರಿಯ ಜನ ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಪೆಟ್ಟಿಗೆಯಂತೆ ಮಾಡಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿಯನ್ನು ಕೊರೆದು, ಒಳಗೆ ಎಲುಬುಗಳನ್ನೂ ಮಡಕೆಗಳನ್ನೂ ಕಬ್ಬಿಣದ ಆಯುಧಗಳನ್ನೂ ಇಡುತ್ತಿದ್ದರು. ಅವರ ಮಡಕೆಯ ಒಳಗೂ ಬಾಯ ಸುತ್ತಲೂ ಕಪ್ಪು, ಕೆಳಗೆ ಹೊರಗೆ ಕೆಂಪು. ಮಡಕೆಯನ್ನು ಆವಿಗೆಯಲ್ಲಿ ಬೋರಲಾಗಿ ಇಟ್ಟು ಸುಟ್ಟರೆ ಗಾಳಿ ತಾಗದ ಭಾಗ ಕಪ್ಪಾಗಿಯೂ ಗಾಳಿ ತಾಗಿದ ಭಾಗ ಕೆಂಪಾಗಿಯೂ ಬರುತ್ತದೆಂದು ವಿದ್ವಾಂಸರು ವಿವರಿಸುತ್ತಾರೆ. ಇಂಥ ಚಪ್ಪಡಿಯನ್ನು ಎತ್ತಿ ನಿಲ್ಲಿಸಲು ಒಬ್ಬರಿಬ್ಬರಿಂದ ಆಗದು, ಊರೇ ಕೈಗೂಡಿಸಬೇಕು. ಸತ್ತವರಿಗಾಗಿ ಊರೇ ಕೈಗೂಡಿಸುತ್ತಿತ್ತೆಂಬುದೂ ಒಂದು ಚರಿತ್ರೆಯೇ.

ಇವರು ಏನು ಉಣ್ಣುತ್ತಿದ್ದರು? ಇದಕ್ಕೆ ಉತ್ತರ ದೊರೆತುದು ಈಚಿನ ದಶಕಗಳಲ್ಲಿ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಕರಕಲಾದ ಕಾಳುಗಳು ಮೇಲೆ ತೇಲುತ್ತವೆ. ಅವನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಹೀಗೆ ಹುರುಳಿ, ಹೆಸರು, ಕೊರಲೆ ಇವು ದೊರೆತಿವೆ. ನಮ್ಮ ಮನೆಯಲ್ಲಿ ಇಂದಿಗೂ ವಾರಕ್ಕೊಮ್ಮೆ ಹುರುಳಿಕಾಳಿನ ಸಾರು ಆಗುತ್ತದೆ. ನಾಲ್ಕು ಸಾವಿರ ವರ್ಷಗಳಲ್ಲಿ ಎಷ್ಟೋ ರಾಜವಂಶಗಳು ಬಂದುಹೋದುವು, ಹುರುಳಿ ಹೋಗಲಿಲ್ಲ.

ಮೈಸೂರಿನವರಾದ ನಾವು ಬಳ್ಳಾರಿಗೇ ಹೋಗಬೇಕೆಂದೇನೂ ಇಲ್ಲ. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿಯವರು ೧೯೫೯-೬೦ರಿಂದ ಮೊದಲ್ಗೊಂಡು ಉತ್ಖನನಗಳನ್ನು ನಡೆಸಿ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದರು. ಅಲ್ಲಿ ದೊರೆತ ವಸ್ತುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬೂ ಒಂದು. ಕೊಡಲಿಯನ್ನು ಕಂಡರೆ ಅವರು ಮರ ಕಡಿದರೆಂದು ತಿಳಿಯುತ್ತದೆ. ತಲೆದಿಂಬನ್ನು ಕಂಡರೆ ಅವರಿಗೂ ದಣಿವಾಗುತ್ತಿತ್ತೆಂದು ತಿಳಿಯುತ್ತದೆ. ಕುಂಭಮೇಳಕ್ಕೆಂದು ಅಲ್ಲಿಗೆ ಹೋಗುವ ನಾವು ಆ ಹೊಳೆಯ ದಡದಲ್ಲಿ ಮೊದಲು ನೆಲೆನಿಂತವರನ್ನೂ ಒಮ್ಮೆ ನೆನೆಯಬೇಕು.

ಇಲ್ಲಿಯವರೆಗೆ ಹೇಳಿದ್ದರಿಂದ ಮಣ್ಣಿನ ಸಾಕ್ಷ್ಯ ಎಂದೂ ತಪ್ಪದೆಂಬ ಭಾವನೆ ಬರಬಾರದು. ಮಣ್ಣು ಸುಳ್ಳು ಹೇಳುವುದಿಲ್ಲವಾದರೂ ಓದುವವರು ತಪ್ಪಬಹುದು. ಇದಕ್ಕೆ ಬ್ರಹ್ಮಗಿರಿಯೇ ಒಳ್ಳೆಯ ಉದಾಹರಣೆ. ಮೇಲಿನ ಪದರದ ಕಾಲ ವ್ಹೀಲರ್ ಅವರಿಗೆ ತಟ್ಟೆ ನಾಣ್ಯಗಳಿಂದ ಗೊತ್ತಾಗಿತ್ತು. ಅದರ ಕೆಳಗಿನವಕ್ಕೆ ಅಂಥ ಆಧಾರವಿರಲಿಲ್ಲ. ಅಷ್ಟು ದಪ್ಪ ಮಣ್ಣು ಕೂಡಲು ಎಷ್ಟು ವರ್ಷ ಹಿಡಿದೀತೆಂದು ಅವರು ಅಂದಾಜು ಮಾಡಬೇಕಾಯಿತು. ಹಾಗೆ ಅಂದಾಜು ಮಾಡಿ ಕಲ್ಗೋರಿಯ ಕಾಲ ಸುಮಾರು ಕ್ರಿ. ಪೂ. ೨೦೦ರಿಂದ ಆರಂಭವಾಯಿತೆಂದೂ, ಕಲ್ಲುಕೊಡಲಿಯ ಕಾಲ ಕ್ರಿ. ಪೂ. ಒಂದನೆಯ ಸಹಸ್ರಮಾನದ ಆದಿಯದೆಂದೂ ಹೇಳಿದರು. ೧೯೪೯ರಲ್ಲಿ ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಸಂಗಡಿಗರು ಇದ್ದಿಲು ಎಲುಬುಗಳಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲವನ್ನು ಗೊತ್ತುಮಾಡುವ ವಿಧಾನವನ್ನು ಲೋಕದ ಮುಂದಿಟ್ಟರು. ಆ ವಿಧಾನವನ್ನು ನಮ್ಮ ನಾಡಿನ ನೆಲೆಗಳಿಗೆ ಅನ್ವಯಿಸಿದಾಗ ದಕ್ಷಿಣದ ನವಶಿಲಾಯುಗ ಕ್ರಿ. ಪೂ. ೨೦೦೦ಕ್ಕೂ ಹಿಂದಕ್ಕೆ ಹೋಯಿತು. ಡಾ. ಎಂ. ಎಸ್. ನಾಗರಾಜರಾವ್ ಅವರು ೧೯೬೫ರಲ್ಲಿ ಅಗೆದ ಹಳ್ಳೂರಿನಲ್ಲಿ ಕಬ್ಬಿಣದ ಬಳಕೆ ಕ್ರಿ. ಪೂ. ೧೦೦೦ದ ಸುಮಾರಿನದೆಂದು ಗೊತ್ತಾಯಿತು. ಅಂದರೆ ನಮ್ಮ ಪೂರ್ವಿಕರ ವಯಸ್ಸು ಒಮ್ಮೆಗೇ ಸಾವಿರ ವರ್ಷಕ್ಕೂ ಹೆಚ್ಚಾಗಿ ಬೆಳೆಯಿತು!

ಚುಕ್ಕೆಸುತ್ತಿನ ತಟ್ಟೆಯ ವಿಷಯದಲ್ಲಿಯೂ ತಿದ್ದುಪಡಿಯಾಗಿದೆ. ಅದು ಕಡಲಾಚೆಯಿಂದ ಬಂದುದೆಂದು ಮೊದಲು ನಂಬಿದ್ದರು. ಅನಂತರ ಅದರ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದವರು ಅದು ಭಾರತದಲ್ಲಿಯೇ ತಯಾರಾದುದೆಂದು ತೋರಿಸಿದರು. ಯಾವುದೋ ಪರದೇಶದ ಕುಶಲತೆಯೆಂದು ಎಣಿಸಿದ್ದು ನಮ್ಮ ಕುಂಬಾರರ ಕೈಕೆಲಸವೆಂದು ತಿಳಿದುಬಂತು. ಇಷ್ಟರಿಂದ ವ್ಹೀಲರ್ ಅವರ ಹಿರಿಮೆಗೆ ಕುಂದಿಲ್ಲ. ಅವರು ಯಾವ ಚೂರು ಯಾವ ಪದರದಲ್ಲಿತ್ತೆಂದು ಬರೆದಿಟ್ಟು ಪ್ರಕಟಿಸಿದ್ದರಿಂದಲೇ ಮುಂದಿನವರು ಅವರನ್ನು ತಿದ್ದಲು ಸಾಧ್ಯವಾಯಿತು. ತನ್ನನ್ನು ತಿದ್ದುವವರಿಗೆ ದಾರಿ ಬಿಟ್ಟಿರುವುದೇ ಒಳ್ಳೆಯ ವಿದ್ವತ್ತಿನ ಲಕ್ಷಣ.

ಇನ್ನು ಮಣ್ಣು ಹೇಳಲಾರದ ಸಂಗತಿಗಳೂ ಇವೆ. ಚಂದ್ರವಳ್ಳಿಯ ಹೆಂಗಸು ಯಾವ ಮಾತಿನಲ್ಲಿ ಜೋಗುಳ ಹಾಡಿದಳೆಂದು ಬಳೆಯ ಚೂರು ಹೇಳದು. ಬಟ್ಟೆ, ಬಿದಿರು, ತೊಗಲು, ಹುಲ್ಲು ನಮ್ಮ ಮಳೆ ಬಿಸಿಲಿನಲ್ಲಿ ಕೊಳೆತುಹೋಗುತ್ತವೆ. ಆದುದರಿಂದ ನೇಯುವವರ, ಬುಟ್ಟಿ ಹೆಣೆಯುವವರ, ಗುಡಿಸಲಿನಲ್ಲಿ ಬಾಳಿದವರ ಬದುಕು ಮಣ್ಣಿನಲ್ಲಿಯೂ ಅರೆಯಾಗಿಯೇ ಉಳಿಯುತ್ತದೆ. ಇಟ್ಟಿಗೆಯ ಮನೆಯವರು ಗೋಡೆಯನ್ನು ಬಿಟ್ಟುಹೋದರು. ಸೋಗೆಯ ಮನೆಯವರು ಗೂಟ ನೆಟ್ಟ ಕುಳಿಗಳನ್ನು ಮಾತ್ರ ಬಿಟ್ಟುಹೋದರು. ಉಳ್ಳವರು ಇಲ್ಲದವರು ಎಂಬ ಭೇದ ಮಣ್ಣಿನ ಕೆಳಗೂ ಅಳಿದುಹೋಗುವುದಿಲ್ಲ.

ಹಾಗಿದ್ದರೂ ಮಣ್ಣು ಶಾಸನಕ್ಕಿಂತ ಉದಾರಿಯೆಂದೇ ಹೇಳಬೇಕು. ಚಂದ್ರವಳ್ಳಿಯ ಬಂಡೆಯ ಶಾಸನ ಮಯೂರಶರ್ಮನು ಕೆರೆಯನ್ನು ಕಟ್ಟಿಸಿದನೆಂದು ಹೇಳುತ್ತದೆ. ಮಣ್ಣು ಹೊತ್ತವರು ಯಾರು, ಕಲ್ಲು ಒಡೆದವರು ಯಾರು, ಅವರಿಗೆ ಗಂಜಿ ಕಾಯಿಸಿ ತಂದವರು ಯಾರು ಎಂದು ಹೇಳುವುದಿಲ್ಲ. ಹೇಳುವುದು ಅದರ ಉದ್ದೇಶವೂ ಅಲ್ಲ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಲಿಪಿಕಾರ ಚಪಡನು ಕೊನೆಯಲ್ಲಿ ತನ್ನ ಹೆಸರನ್ನು ಸೇರಿಸಿದನು. ತಾನು ಬರೆಹಗಾರನೆಂಬುದನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದನು. ಅಕ್ಷರ ಬಲ್ಲವನಾದ್ದರಿಂದ ಅವನ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ಉಳಿಯಿತು. ಅವನ ಸುತ್ತ ಬಾಳಿದ ಸಾವಿರಾರು ಜನರಿಗೆ ಅಕ್ಷರವಿರಲಿಲ್ಲ. ಅವರು ಬಿಟ್ಟುಹೋದದ್ದು ಮಡಕೆ, ಮಣಿ, ಕಾಳು, ಬೂದಿ.

ನಮ್ಮ ಮನೆಯಲ್ಲಿ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲಿನವಳು. ನಮ್ಮ ಅಜ್ಜಿ ನಲವತ್ತು ವರ್ಷ ಅಗರಬತ್ತಿ ಹೊಸೆದವರು, ಓದುಬರಹ ಅರಿಯರು. ಅವರ ಅಜ್ಜಿಯ ಹೆಸರೇನೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಇತಿಹಾಸದ ಪುಸ್ತಕಗಳನ್ನು ಓದುವಾಗ ಇವರೆಲ್ಲ ಎಲ್ಲಿದ್ದರೆಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಚಂದ್ರವಳ್ಳಿಯ ವಿಷಯವನ್ನು ಓದಿದ ಮೇಲೆ ಅವರು ಇಲ್ಲಿಯೇ ಇದ್ದರು, ಸೀಸದ ನಾಣ್ಯ ಹಿಡಿದು ಸಂತೆಗೆ ಹೋದವರಲ್ಲಿ ಇದ್ದರು ಎಂದು ಸಮಾಧಾನವಾಯಿತು. ಈ ಕಾರಣದಿಂದಲೇ ನಾನು ಈ ವಿಷಯವನ್ನು ಆರಿಸಿಕೊಂಡೆ.

ಆದರೆ ಈ ಸಾಕ್ಷ್ಯ ದಿನದಿನಕ್ಕೂ ಅಳಿಯುತ್ತಿದೆ. ಶಾಸನದ ಕಲ್ಲು ಒಡೆದರೆ ಅದರ ಪಡಿಯಚ್ಚಾದರೂ ಉಳಿದಿರಬಹುದು. ಪದರ ಕಲಕಿಹೋದರೆ ಅದನ್ನು ಮತ್ತೆ ಜೋಡಿಸಲು ಬಾರದು. ನಿಧಿಯ ಆಸೆಯಿಂದ ರಾತ್ರೋರಾತ್ರಿ ಹಾಳೂರುಗಳನ್ನು ಅಗೆಯುವವರಿದ್ದಾರೆ. ಇಟ್ಟಿಗೆಗಾಗಿ, ಗೋಡುಮಣ್ಣಿಗಾಗಿ, ನಿವೇಶನಗಳಿಗಾಗಿ ದಿಬ್ಬಗಳನ್ನು ಸಮಮಾಡುವವರಿದ್ದಾರೆ. ಅವರಿಗೆ ಬೋಕಿ ಕಸ. ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ೧೮೭೮ರ ನಿಧಿ ಕಾಯಿದೆ ವಿಧಿಸುತ್ತದೆ. ಪ್ರಾಚೀನ ಸ್ಮಾರಕಗಳ ಮತ್ತು ನೆಲೆಗಳ ರಕ್ಷಣೆಗಾಗಿ ನಮ್ಮ ರಾಜ್ಯದ ೧೯೬೧ರ ಕಾಯಿದೆಯಿದೆ. ಆದರೆ ಬೋಕಿಯ ಬೆಲೆಯನ್ನು ರೂಪಾಯಿಯಲ್ಲಿ ಹೇಳಲಾಗದು. ಅದನ್ನು ಕಾಯಬೇಕಾದುದು ಜನರ ತಿಳಿವಳಿಕೆ.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದು ಅಲ್ಪವಾದರೂ ಇದೆ. ನಾವಾಗಿ ಎಲ್ಲಿಯೂ ಅಗೆಯಬಾರದು. ರಜೆಯಲ್ಲಿ ಊರಿಗೆ ಹೋದಾಗ ಹಾಳುದಿಬ್ಬ, ಬೂದಿಗುಡ್ಡೆ, ಕಲ್ಗೋರಿ ಕಂಡರೆ ಅದು ಯಾವ ಗ್ರಾಮದ ಯಾವ ದಿಕ್ಕಿಗಿದೆ, ಜನ ಅದನ್ನು ಏನೆಂದು ಕರೆಯುತ್ತಾರೆ ಎಂದು ಬರೆದುಕೊಂಡು ಬಂದು ಅಧ್ಯಾಪಕರಿಗೆ ತಿಳಿಸಬಹುದು. ರಾಜ್ಯದ ಪುರಾತತ್ತ್ವ ಇಲಾಖೆಯ ಕೇಂದ್ರ ಕಚೇರಿ ನಮ್ಮ ಮೈಸೂರಿನಲ್ಲಿಯೇ ಇದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗವೂ ಇಲ್ಲಿದೆ. ಮಾನಸಗಂಗೋತ್ರಿಯಲ್ಲಿ ಈ ವಿಷಯವನ್ನು ಬೋಧಿಸುವ ವಿಭಾಗವಿದೆ. ಇಷ್ಟು ಅನುಕೂಲ ಬೇರೆ ಊರಿನ ವಿದ್ಯಾರ್ಥಿಗಳಿಗೆ ಇಲ್ಲ. ನಮ್ಮ ಇತಿಹಾಸ ಸಂಘದ ಮುಂದಿನ ಪ್ರವಾಸ ಚಂದ್ರವಳ್ಳಿಗೆ ಆಗಲೆಂದೂ, ಗುಹೆಯನ್ನು ನೋಡುವ ಮೊದಲು ನಾವು ನೆಲವನ್ನು ನೋಡುವಂತಾಗಲೆಂದೂ ಕೋರುತ್ತೇನೆ.

ನಮ್ಮ ಬೀದಿಯ ಹಳ್ಳವನ್ನು ಮುಚ್ಚಿ ಬಹಳ ದಿನಗಳಾದುವು. ಮೇಲೆ ಟಾರು ಹಾಕಿದ್ದಾರೆ. ಮುಚ್ಚುವ ಹಿಂದಿನ ದಿನ ಹೆಂಚಿನ ಪದರದಿಂದ ಹೊರಬಿದ್ದಿದ್ದ ಒಂದು ದುಂಡನೆಯ ಬೋಕಿಯನ್ನು ಎತ್ತಿಕೊಂಡು ಎದುರುಮನೆಯ ಅಜ್ಜಿಗೆ ತೋರಿಸಿದೆ. ಅವರು ಅದನ್ನು ಬೆರಳಿನಿಂದ ಸವರಿ, “ಇದು ಕುಂಟೆಬಿಲ್ಲೆ ಆಡೋ ಬಿಲ್ಲೆ, ಅಂಚು ಉಜ್ಜಿರೋದು ನೋಡು” ಎಂದರು. ತಮಿಳುನಾಡಿನ ಕೀಳಡಿಯ ಉತ್ಖನನದಲ್ಲಿಯೂ ಇಂಥ ಬಿಲ್ಲೆಗಳು ಹಲವಾರು ದೊರೆತಿವೆಯೆಂದು ನಾನು ಓದಿದ್ದೆ. ಆ ಅಜ್ಜಿ ಅದನ್ನು ಓದಿದವರಲ್ಲ. ಆದರೆ ಅಂಚು ಉಜ್ಜಿದ ಬೋಕಿಯನ್ನು ಓದಲು ಅವರಿಗೆ ಬರುತ್ತಿತ್ತು.